ಸೊಲ್ಲಿಗೆ ಬಿಟ್ಟ ಜಾಗ

ದೆವ್ವ, ಗಾಳಿ, ಶಕುನ ಇಂಥ ಯಾವುದನ್ನೂ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಂಬದಿರುವುದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ, ನನ್ನ ಕಸುಬು ನನ್ನನ್ನು ಹಾಗೆ ಮಾಡಿದೆ. ತುಮಕೂರಿನ ಶಿರಾ ಗೇಟ್ ಹತ್ತಿರ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಸ್ಟುಡಿಯೋ ಎಂದ ತಕ್ಷಣ ಏನೇನೋ ಊಹಿಸಿಕೊಳ್ಳಬೇಡಿ. ಒಂದು ಕಂಪ್ಯೂಟರ್, ಮೈಕುಗಳು, ಗೋಡೆಗೆ ಅಂಟಿಸಿದ ಸ್ಪಾಂಜು, ಕಿಟಕಿಗೆ ದಪ್ಪ ಗಾಜು, ಅಷ್ಟೇ. ಆಟೋದಲ್ಲಿ ಕೂಗುವ ಪ್ರಚಾರ, ಭಕ್ತಿಗೀತೆ, ಶಾಲೆಯ ವಾರ್ಷಿಕೋತ್ಸವ, ಮದುವೆ ವಿಡಿಯೋದ ಆಡಿಯೋ, ಎಲ್ಲವನ್ನೂ ಮಾಡುತ್ತೇನೆ. ಬೇರೆಯವರು ಕೆಟ್ಟದಾಗಿ ರೆಕಾರ್ಡ್ ಮಾಡಿ ತಂದದ್ದನ್ನು ತೊಳೆದು ಬಳಿದು ಕೊಡುವುದೇ ಹೆಚ್ಚು.

ಈ ಕೆಲಸದಲ್ಲಿ ವಿಚಿತ್ರ ಸದ್ದುಗಳಿಗೆ ಬರವಿಲ್ಲ. ಒಮ್ಮೆ ಒಬ್ಬ ಹಿರಿಯರು ತಮ್ಮೂರ ಗುಡಿಯ ಭಜನೆ ರೆಕಾರ್ಡ್ ಮಾಡಿಕೊಂಡು ಬಂದು, ಹಿಂದೆ ಅಮ್ಮನವರ ಗೆಜ್ಜೆ ಸದ್ದು ಕೇಳುತ್ತಿದೆ, ಅದೊಂದನ್ನು ಜೋರು ಮಾಡಿಕೊಡಿ ಎಂದರು. ಹುಡುಕಿ ನೋಡಿದರೆ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತಿತ್ತು. ಹೇಳಿದ್ದಕ್ಕೆ ನನ್ನ ಮೇಲೆ ಮುನಿಸಿಕೊಂಡು ಹೋದರು. ಮೊಬೈಲಿಗೆ ಕಾಲ್ ಬರುವ ಮುಂಚಿನ ಗರಗರ, ಸಡಿಲ ವೈರು, ಪಕ್ಕದ ಮನೆಯ ಟೀವಿ, ಹೀಗೆ ಯಾವ ಸದ್ದಿಗಾದರೂ ಒಂದು ಹುಟ್ಟು ಇದ್ದೇ ಇರುತ್ತದೆ, ಸಿಗುವ ತನಕ ಹುಡುಕುವ ತಾಳ್ಮೆ ಬೇಕು ಎಂದು ನಾನು ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನಡೆದ ಈ ಒಂದು ಸಂಗತಿಯಲ್ಲಿ ಮಾತ್ರ ನನಗೆ ಆ ಹುಟ್ಟು ಸಿಗಲಿಲ್ಲ. ಇದು ನಡೆದದ್ದು ರಾತ್ರಿಯಲ್ಲ, ಹಾಡುಹಗಲಲ್ಲಿ. ಅದಕ್ಕೇ ನನಗೆ ಇನ್ನೂ ಕಸಿವಿಸಿ.

ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಚೈತ್ರಾ ಎಂಬ ಹುಡುಗಿ ತನ್ನ ಚಿಕ್ಕಮ್ಮನನ್ನು ಕರೆದುಕೊಂಡು ಬಂದಳು. ಸತ್ಯಮಂಗಲದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಬೆಳಗಿನ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮನೆ ಗುಬ್ಬಿಯಲ್ಲಿ, ಊರಿನಿಂದ ಸ್ವಲ್ಪ ಹೊರಗೆ. ಚಿಕ್ಕಮ್ಮ ಜಯಮ್ಮ ಬೆಳ್ಳಾವಿಯವರು, ಮಾತು ಸ್ವಲ್ಪ ಖಡಕ್ಕು. ಚೈತ್ರಾಳ ಮದುವೆ ಹತ್ತಿರ ಬಂದಿತ್ತು, ಗಂಡಿನ ಕಡೆಯವರು ಕುಣಿಗಲ್‌ನವರು. ಅವಳ ತಾಯಿ ತೀರಿಕೊಂಡು ಮೂರು ವರ್ಷವಾಗಿತ್ತು. ಸುತ್ತಮುತ್ತಲ ಮದುವೆಗಳಲ್ಲಿ ಅರಿಶಿನದ ಪದ ಹೇಳಲು ಆ ತಾಯಿಯನ್ನೇ ಕರೆಯುತ್ತಿದ್ದರಂತೆ. ಕಾಯಿಲೆ ಜೋರಾದ ಮೇಲೆ, ಮಗಳ ಮದುವೆಗೆ ತಾನು ಇರುವುದಿಲ್ಲ ಎಂದು ಗೊತ್ತಾಗಿ, ಮನೆಯಲ್ಲಿ ಯಾರೂ ಇಲ್ಲದ ಒಂದು ದಿನ ಫೋನನ್ನು ಕಿಟಕಿಯ ಮೇಲಿಟ್ಟು ಆ ಪದವನ್ನು ಹಾಡಿಟ್ಟಿದ್ದರು. ಚಪ್ಪರದ ದಿನ ಅರಿಶಿನ ಹಚ್ಚುವಾಗ ಅದನ್ನು ಸ್ಪೀಕರಿನಲ್ಲಿ ಹಾಕಬೇಕು, ಶಬ್ದವೆಲ್ಲ ತೆಗೆದು ಚೊಕ್ಕ ಮಾಡಿಕೊಡಿ ಎಂದು ಇಬ್ಬರೂ ಕೇಳಿದರು.

ತಾಯಿಯ ದನಿ ಇದ್ದದ್ದು ಅದೊಂದರಲ್ಲೇ. ನನ್ನ ಕೈಯಲ್ಲಿ ಅದು ಕೆಟ್ಟರೆ ಮುಗಿಯಿತು. ಮೊದಲು ಮೂಲ ಫೈಲನ್ನು ಬೇರೆ ಕಡೆ ನಕಲು ಮಾಡಿಟ್ಟೆ. ಪೂರ್ತಿ ಕೇಳಿದ್ದೀಯಾ ಎಂದು ಚೈತ್ರಾಳನ್ನು ಕೇಳಿದೆ. ಮೊದಲ ಸಾಲು ಬರುತ್ತಿದ್ದಂತೆ ನಿಲ್ಲಿಸಿಬಿಡುತ್ತೇನೆ, ಮುಂದಕ್ಕೆ ಕೇಳಲು ಆಗುವುದಿಲ್ಲ ಎಂದಳು. ಆಮೇಲೆ ನೆಲ ನೋಡಿಕೊಂಡು ಒಂದು ಮಾತು ಹೇಳಿದಳು: "ಅಮ್ಮ ಎಷ್ಟೋ ಸಲ ಕರ‍್ದಿದ್ರು ಸಾರ್, ಬಾ ಕೂತ್ಕೊ, ನಾನ್ ಹೇಳ್ತೀನಿ, ನೀನ್ ಸೊಲ್ಲು ಹೇಳು ಅಂತ. ನಾನು ಡ್ಯೂಟಿಯಿಂದ ಬಂದು ಸುಸ್ತಾಗೈತೆ ಬಿಡಮ್ಮ ಅಂತಿದ್ದೆ. ಕೊನೆಗೆ ಒಬ್ರೇ ಹಾಡ್ಕಂಡವ್ರೆ." ಅದು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಜಯಮ್ಮ ಅವಳ ಬೆನ್ನು ಸವರಿದರು.

ರೆಕಾರ್ಡಿಂಗ್ ನಾನು ಅಂದುಕೊಂಡಷ್ಟು ಕೆಟ್ಟಿರಲಿಲ್ಲ. ಫ್ಯಾನಿನ ಗಾಳಿ, ದೂರದಲ್ಲಿ ಟ್ರ್ಯಾಕ್ಟರ್, ಒಂದೆರಡು ಕಾಗೆ. ತಾಯಿಯ ದನಿ ಬಳಲಿದ್ದರೂ ಶ್ರುತಿ ಬಿಟ್ಟಿರಲಿಲ್ಲ. ಆದರೆ ಪ್ರತಿ ಸಾಲಿನ ನಂತರವೂ ಅವರು ಸುಮ್ಮನಾಗಿಬಿಡುತ್ತಿದ್ದರು, ಮತ್ತೆ ಮುಂದಿನ ಸಾಲು. ಪಾಪ, ಉಸಿರಿಗೆ ಕಷ್ಟವಾಗಿ ನಿಲ್ಲಿಸಿದ್ದಾರೆ ಎಂದು ತಿಳಿದು ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ, ಸಾಲಿಗೆ ಸಾಲು ಜೋಡಿಸಿ, ಸಿನಿಮಾ ಹಾಡಿನಂತೆ ಓಡುವ ಹಾಗೆ ಮಾಡಿದೆ. ನನ್ನ ಕೈಚಳಕಕ್ಕೆ ನಾನೇ ಮೆಚ್ಚಿಕೊಂಡೆ. ಮಾರನೆಯ ದಿನ ಜಯಮ್ಮ ಬಂದು ಕೇಳಿದವರು ಅರ್ಧಕ್ಕೇ ಹೆಡ್‌ಫೋನ್ ಕಿತ್ತಿಟ್ಟರು.

"ಏನ್ ಸ್ವಾಮಿ, ಸೊಲ್ಲು ಹೇಳೋ ಜಾಗ್ವೆಲ್ಲ ಕುಯ್ದಾಕ್ಬುಟ್ಟಿದ್ದೀರಲ್ಲ. ನಮ್ಮಕ್ಕ ಹೇಳ್ದೇಟ್ಗೆ ನಾವು ತಿರ‍್ಗಿ ಹೇಳದ್ ಬ್ಯಾಡ್ವಾ?"

ಆಗ ನನಗೆ ತಿಳಿಯಿತು. ಅರಿಶಿನದ ಪದವನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಒಂದು ಸಾಲು ಹೇಳಿ ನಿಲ್ಲಿಸುತ್ತಾರೆ, ಸುತ್ತ ಕೂತವರು ಅದೇ ಸಾಲನ್ನು ತಿರುಗಿ ಹೇಳುತ್ತಾರೆ. ಅದಕ್ಕೇ ಸೊಲ್ಲು ಎನ್ನುವುದು. ಸೊಲ್ಲು ಬೀಳದ ಪದವನ್ನು ಅವರ ಕಡೆ ಶುಭಕ್ಕೆ ಲೆಕ್ಕ ಹಿಡಿಯುವುದೇ ಇಲ್ಲವಂತೆ. ಆ ತಾಯಿ ಖಾಲಿ ಮನೆಯಲ್ಲಿ ಕೂತು, ಮುಂದೆ ಯಾವತ್ತೋ ಹೇಳಬೇಕಾದವರಿಗೆ ಜಾಗ ಬಿಟ್ಟು ಬಿಟ್ಟು ಹಾಡಿದ್ದರು. ಕತ್ತರಿಸಿದ್ದನ್ನು ಎಸೆದು ಮೂಲ ಫೈಲಿನಿಂದ ಹೊಸದಾಗಿ ಶುರು ಮಾಡಿದೆ. ಈ ಸಲ ಒಂದು ಖಾಲಿ ಜಾಗದ ಉದ್ದವನ್ನೂ ಮುಟ್ಟಬಾರದು ಎಂದು ತೀರ್ಮಾನಿಸಿದೆ. ದಯವಿಟ್ಟು ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ನಾನು ಮುಟ್ಟಲಿಲ್ಲ.

ಸದ್ದು ತೆಗೆಯುವ ಬಗೆಯನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಅಕ್ಕಿ ಆರಿಸಲು ಕೂತ ಮಗುವಿಗೆ ಮೊದಲು ಕಲ್ಲು ಯಾವುದೆಂದು ತೋರಿಸುತ್ತೇವಲ್ಲ, ಹಾಗೆ ಕಂಪ್ಯೂಟರಿಗೂ ತೋರಿಸಬೇಕು. ಮಾತೂ ಇಲ್ಲದ ಹಾಡೂ ಇಲ್ಲದ, ಬರೀ ಫ್ಯಾನಿನ ಸದ್ದಿರುವ ಒಂದು ತುಣುಕನ್ನು ಆರಿಸಿ, ಇದು ಕಸ, ಇಂಥದ್ದು ಎಲ್ಲಿದ್ದರೂ ತೆಗೆ ಎಂದರೆ ಅದು ಇಡೀ ರೆಕಾರ್ಡಿಂಗ್‌ನಿಂದ ಅದನ್ನು ಹೆಕ್ಕಿ ತೆಗೆಯುತ್ತದೆ. ಸಾಲು ಸಾಲಿನ ನಡುವೆ ಬೇಕಾದಷ್ಟು ಖಾಲಿ ಜಾಗ ಇತ್ತಲ್ಲ, ಅದರಲ್ಲೊಂದನ್ನು ಕಸದ ಮಾದರಿಯಾಗಿ ತೋರಿಸಿದೆ. ಫ್ಯಾನ್ ಹೋಯಿತು, ಆದರೆ ಜೊತೆಗೆ ತಾಯಿಯ ದನಿಯೂ ಕೆಟ್ಟಿತು. ಕೊಡದೊಳಗೆ ಬಾಯಿಟ್ಟು ಮಾತನಾಡಿದ ಹಾಗೆ ಟೊಳ್ಳಾಯಿತು.

ಅಳತೆ ಹೆಚ್ಚು ಕಡಿಮೆ ಮಾಡಿದೆ, ಇನ್ನೊಂದು ಖಾಲಿ ಜಾಗ ಆರಿಸಿದೆ, ಬೇರೆ ಹೆಡ್‌ಫೋನ್ ಹಾಕಿದೆ, ಕಂಪ್ಯೂಟರನ್ನೇ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಅದೇ ಟೊಳ್ಳು. ಕೊನೆಗೆ ಹಾಡು ಶುರುವಾಗುವ ಮುಂಚೆ, ಫೋನನ್ನು ಕಿಟಕಿಯ ಮೇಲಿಟ್ಟ ಸದ್ದಿನ ನಂತರದ ತುಣುಕನ್ನು ಮಾದರಿ ಮಾಡಿದೆ. ಈಗ ದನಿ ಚೊಕ್ಕವಾಗಿ ಬಂತು. ಕೆಲಸ ಮುಗಿಯಿತೆಂದು ಎದ್ದು ಹೋಗಬಹುದಿತ್ತು. ಆದರೆ ತಲೆಯಲ್ಲಿ ಹುಳ ಹೊಕ್ಕಿತು. ಅದೇ ಮನೆ, ಅದೇ ಫ್ಯಾನು. ಹಾಡಿನ ಮೊದಲಿನ ತುಣುಕು ಒಳ್ಳೆಯ ಮಾದರಿಯಾಗುತ್ತದೆ, ನಡುವಿನ ತುಣುಕು ದನಿಯನ್ನೇ ತಿನ್ನುತ್ತದೆ ಎಂದರೆ, ನಡುವಿನ ತುಣುಕಿನಲ್ಲಿ ಫ್ಯಾನು ಬಿಟ್ಟು ಇನ್ನೇನೋ ಇರಬೇಕು. ತಾಯಿಯ ದನಿಗೆ ತೀರಾ ಹತ್ತಿರವಾದದ್ದು ಏನೋ.

ಆ ಒಳ್ಳೆಯ ಮಾದರಿಯಿಂದಲೇ ಖಾಲಿ ಜಾಗಗಳ ಫ್ಯಾನಿನ ಸದ್ದನ್ನು ತೆಗೆದು, ಉಳಿದದ್ದನ್ನು ಎಷ್ಟು ಸಾಧ್ಯವೋ ಅಷ್ಟು ಜೋರು ಮಾಡಿ ಕೇಳಿದೆ. ಒಂದು ಹೆಣ್ಣು ದನಿ ಸೊಲ್ಲು ಹೇಳುತ್ತಿತ್ತು.

ಹಿಂದಕ್ಕೆ ಎಳೆದು ಮತ್ತೆ ಕೇಳಿದೆ. ಹೊರಗೆ ಶಿರಾ ಗೇಟಿನ ಬಸ್ಸು, ಲಾರಿ, ಕೆಳಗಿನ ಅಂಗಡಿಯಲ್ಲಿ ಕಬ್ಬಿಣದ ಪೈಪು ಕತ್ತರಿಸುವ ಸದ್ದು, ಎಲ್ಲ ಎಂದಿನಂತೆಯೇ ಇತ್ತು. ದನಿ ಬಹಳ ತೆಳುವಾಗಿತ್ತು, ಆದರೆ ಅನುಮಾನಕ್ಕೆ ಎಡೆಯಿರಲಿಲ್ಲ. ತಾಯಿ ಒಂದು ಸಾಲು ಹೇಳುವುದು, ಹಿಂದೆಯೇ ಆ ದನಿ ಅದನ್ನು ತಿರುಗಿ ಹೇಳುವುದು. ವಯಸ್ಸಿನ ಹುಡುಗಿಯ ದನಿ, ಹಾಡಿ ಅಭ್ಯಾಸವಿಲ್ಲದ್ದು, ಶ್ರುತಿಗೆ ಸ್ವಲ್ಪ ಕೆಳಗೆ. ಮಗಳನ್ನು ಇನ್ನೊಂದು ಮನೆಗೆ ಒಪ್ಪಿಸುವ ಮಾತು ಬರುವ ಸಾಲಿನಲ್ಲಿ ಅದು ನಡುವೆ ಮುರಿಯಿತು. ಮೂಗೆಳೆದ ಸದ್ದು, ಬಳೆಯ ಸದ್ದು, ಆಮೇಲೆ ಬಿಟ್ಟಲ್ಲಿಂದ ಹಿಡಿದು ಸಾಲು ಮುಗಿಸಿತು. ನಾನು ಹೆಡ್‌ಫೋನ್ ತೆಗೆದು ಮೆಟ್ಟಿಲಿಳಿದು ಹೋಗಿ ಟೀ ಕುಡಿದೆ. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಟೀ ಇಳಿದ ಮೇಲೆ ಬುದ್ಧಿ ತನ್ನ ಕೆಲಸ ಶುರು ಮಾಡಿತು. ಗೋಡೆಯ ಮಾರ್ದನಿ ಇರಬಹುದೇ? ಮಾರ್ದನಿಯಾದರೆ ತಾಯಿಯ ದನಿಯೇ ಮರಳಬೇಕು, ಬೇರೆ ಶ್ರುತಿಯಲ್ಲಿ ಬರಲಾರದು, ಅಳಲಾರದು. ಹಳೆಯ ಕ್ಯಾಸೆಟ್ಟಿನಲ್ಲಾದರೆ ಮೊದಲಿನ ರೆಕಾರ್ಡಿಂಗ್‌ನ ನೆರಳು ಉಳಿಯುವುದುಂಟು, ಫೋನಿನಲ್ಲಿ ಅದು ಆಗದು. ಹಾಗಾದರೆ ಪಕ್ಕದಲ್ಲಿ ಯಾರೋ ಇದ್ದರು. ಚೈತ್ರಾಳಿಗೆ ಫೋನ್ ಮಾಡಿ, ಫ್ಯಾನಿನ ಸದ್ದಿನ ನೆಪ ಹೇಳಿ, ಅವತ್ತು ಮನೆಯಲ್ಲಿ ಯಾರು ಯಾರಿದ್ದರು ಎಂದು ವಿಚಾರಿಸಿದೆ. ಅಪ್ಪ ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ತಮ್ಮ ಅಂಗಡಿಯಲ್ಲಿದ್ದರು, ನಾನು ಡ್ಯೂಟಿಯಲ್ಲಿದ್ದೆ, ಅಮ್ಮ ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬರೇ ಇದ್ದರು, ಅಮ್ಮನೇ ಆಮೇಲೆ ಹಾಗೆಂದು ಹೇಳಿದ್ದರು ಎಂದಳು. ಯಾಕೆ ಸಾರ್, ಏನಾದರೂ ಕೆಟ್ಟಿದೆಯಾ ಎಂದು ಗಾಬರಿಯಿಂದ ಕೇಳಿದಳು. ಏನಿಲ್ಲಮ್ಮ, ಚೆನ್ನಾಗಿ ಬಂದಿದೆ ಎಂದೆ.

ಆ ದನಿಯ ವಿಷಯ ಅವಳಿಗೆ ಹೇಳಲಿಲ್ಲ. ಮದುವೆ ಹತ್ತಿರ ಇಟ್ಟುಕೊಂಡ ಹುಡುಗಿಗೆ ಹೋಗಿ, ನಿಮ್ಮಮ್ಮನ ಪಕ್ಕದಲ್ಲಿ ಯಾರೋ ಇದ್ದರು ಕಣಮ್ಮ ಎನ್ನುವುದು ಹೇಗೆ? ಖಾಲಿ ಜಾಗಗಳಲ್ಲಿದ್ದ ಸದ್ದನ್ನೆಲ್ಲ ಪೂರ್ತಿ ಅಳಿಸಿ, ಅಷ್ಟೇ ಉದ್ದದ ಶುದ್ಧ ಮೌನ ತುಂಬಿ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಜಯಮ್ಮ ಕೇಳಿ ಒಪ್ಪಿದರು. ಅಕ್ಕ ಎದುರಿಗೆ ಕೂತಂಗೈತೆ ಎಂದು ಕಣ್ಣೊರೆಸಿಕೊಂಡರು. ಚಪ್ಪರದ ದಿನ ನೀವೇ ಬಂದು ಹಾಕಿಕೊಡಿ, ನಮಗೆ ಆ ಸ್ಪೀಕರು ಗೀಕರು ಗೊತ್ತಾಗುವುದಿಲ್ಲ ಎಂದೂ ಹೇಳಿದರು. ಸಾಮಾನ್ಯವಾಗಿ ನಾನು ಅಂಥದ್ದಕ್ಕೆ ಹೋಗುವವನಲ್ಲ. ಅವತ್ತು ಹೂಂ ಅಂದೆ.

ಗುಬ್ಬಿಯ ಆ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಹೊತ್ತು ಏರುವ ಮುಂಚೆಯೇ ಶಾಸ್ತ್ರ. ಚೈತ್ರಾಳನ್ನು ಮಣೆಯ ಮೇಲೆ ಕೂರಿಸಿದ್ದರು, ಕೈತುಂಬ ಹಸಿರು ಬಳೆ, ತಲೆ ತಗ್ಗಿಸಿದ್ದಳು. ಅರಿಶಿನಕ್ಕೆ ಕೂತ ಹುಡುಗಿ ಹಾಡಬಾರದು, ಮಾತೂ ಆಡಬಾರದು ಎಂಬುದು ಅಲ್ಲಿಯ ರೂಢಿ. ನಾನು ಸ್ಪೀಕರನ್ನು ಕಂಬದ ಪಕ್ಕ ಇಟ್ಟು, ಅಭ್ಯಾಸಬಲದಿಂದ ನನ್ನ ಚಿಕ್ಕ ರೆಕಾರ್ಡರನ್ನೂ ಹಚ್ಚಿ ಪಕ್ಕದಲ್ಲಿಟ್ಟೆ. ಜಯಮ್ಮ ಕೈಸನ್ನೆ ಮಾಡಿದರು. ಹಾಕಿದೆ.

ತಾಯಿಯ ದನಿ ಚಪ್ಪರದ ತುಂಬ ಬಂತು. ಮೊದಲ ಸಾಲು ಮುಗಿಯಿತು. ಸೊಲ್ಲು ಹೇಳಬೇಕಾದ ಹೆಂಗಸರು ಹೇಳಲಿಲ್ಲ. ಎಲ್ಲರಿಗೂ ಆ ದನಿಯ ಗುರುತಿತ್ತು, ಎಷ್ಟೋ ಮದುವೆಗಳಲ್ಲಿ ಆ ದನಿಗೆ ಸೊಲ್ಲು ಹೇಳಿದವರೇ. ಆದರೆ ಈಗ ಒಬ್ಬರ ಬಾಯೂ ತೆರೆಯಲಿಲ್ಲ. ಒಬ್ಬ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಪಕ್ಕದವಳ ತೋಳು ಹಿಡಿದು ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು: "ಹೋದೋರು ಕರೆದ್ರೆ ಓ ಅನ್ಬಾರ‍್ದು ಕಣವ್ವ." ಇಷ್ಟೆಲ್ಲ ಓಡಾಡಿದ ಜಯಮ್ಮನೂ ಅರಿಶಿನದ ಬಟ್ಟಲು ಹಿಡಿದು ಕಲ್ಲಿನಂತೆ ನಿಂತುಬಿಟ್ಟಿದ್ದರು. ನಾನು ತುಂಬಿಸಿದ ಮೌನ ಹಾಗೇ ಉಳಿಯಿತು. ಎರಡನೆಯ ಸಾಲು ಶುರುವಾಯಿತು. ಸತ್ತ ಮೇಲೂ ಆ ಹೆಂಗಸು ಒಂಟಿಯಾಗಿಯೇ ಹಾಡಬೇಕಾಯಿತಲ್ಲ ಎನಿಸಿತು. ನಿಲ್ಲಿಸಿಬಿಡೋಣವೆಂದು ಕೈ ಮುಂದೆ ಮಾಡಿದೆ.

ಅಷ್ಟರಲ್ಲಿ ಎರಡನೆಯ ಸಾಲು ಮುಗಿದು, ಮಣೆಯ ಮೇಲಿದ್ದ ಚೈತ್ರಾ ತಲೆಯೆತ್ತಿ ಸೊಲ್ಲು ಹೇಳಿದಳು. ಯಾರೋ ಶ್ ಎಂದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ. ಸ್ಪೀಕರನ್ನೇ ನೋಡುತ್ತ, ಅಮ್ಮ ಹೇಳಿದ ಒಂದೊಂದು ಸಾಲನ್ನೂ ತಿರುಗಿ ಹೇಳುತ್ತ ಹೋದಳು. ಶ್ರುತಿಗೆ ಸ್ವಲ್ಪ ಕೆಳಗಿದ್ದ, ಹಾಡಿ ಅಭ್ಯಾಸವಿಲ್ಲದ ಆ ದನಿಯನ್ನು ನಾನು ಆಗಲೇ ಕೇಳಿದ್ದೆ. ಒಪ್ಪಿಸಿಕೊಡುವ ಸಾಲು ಬರುವುದನ್ನೇ ಕಾಯುತ್ತ ನಿಂತೆ. ಬಂತು. ತಿರುಗಿ ಹೇಳುವಾಗ ಅವಳ ದನಿ ನಡುವೆ ಮುರಿಯಿತು. ಮೂಗೆಳೆದಳು. ಕಣ್ಣೊರೆಸಲು ಕೈಯೆತ್ತಿದಾಗ ಬಳೆ ಸದ್ದಾಯಿತು.

ರೆಕಾರ್ಡಿಂಗ್ ಯಾರಿಗೂ ಕಾಯುವುದಿಲ್ಲ. ಅಷ್ಟು ಹೊತ್ತಿಗೆ ಮುಂದಿನ ಸಾಲು ಶುರುವಾಗಿ ಅವಳ ಅರ್ಧ ಸಾಲನ್ನು ತುಳಿದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ. ಸ್ಪೀಕರ್ ಸುಮ್ಮನೇ ಇತ್ತು. ಅವಳು ಉಸಿರೆಳೆದುಕೊಂಡು, ಬಿಟ್ಟಲ್ಲಿಂದ ಹಿಡಿದು ಸಾಲು ಮುಗಿಸಿದಳು. ಆಮೇಲೆ ತಾಯಿ ಮುಂದಿನ ಸಾಲು ಹೇಳಿದರು. ಅಷ್ಟು ಹೊತ್ತಿಗೆ ಜಯಮ್ಮನೂ ಅಳುತ್ತಲೇ ಸೊಲ್ಲಿಗೆ ಸೇರಿಕೊಂಡರು, ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದ ಹೆಂಗಸರು. ಪದ ತುಂಬು ಸೊಲ್ಲಿನಲ್ಲಿ ಮುಗಿಯಿತು. ನನಗೆ ಊಟಕ್ಕೆ ನಿಲ್ಲಿ ಎಂದರು, ನಿಲ್ಲಲಾಗಲಿಲ್ಲ.

ನೇರವಾಗಿ ಸ್ಟುಡಿಯೋಗೆ ಬಂದು ಎರಡು ದನಿಗಳನ್ನೂ ಪರದೆಯಲ್ಲಿ ಒಂದರ ಕೆಳಗೊಂದು ಇಟ್ಟು ನೋಡಿದೆ. ಒಂದು, ಫೋನಿನ ರೆಕಾರ್ಡಿಂಗ್‌ನಲ್ಲಿ ಸಿಕ್ಕ ಆ ತೆಳು ದನಿ. ಇನ್ನೊಂದು, ಅವತ್ತು ಬೆಳಿಗ್ಗೆ ಚಪ್ಪರದಲ್ಲಿ ಹಿಡಿದ ಚೈತ್ರಾಳ ದನಿ. ಮೊದಲ ಸಾಲಿನ ನಂತರ ಎರಡರಲ್ಲೂ ಯಾರ ಸೊಲ್ಲೂ ಇರಲಿಲ್ಲ. ಎರಡನೆಯ ಸಾಲಿನಿಂದ ಉಸಿರಿಗೆ ಉಸಿರು, ಬಳೆಗೆ ಬಳೆ ಹೊಂದುತ್ತಿತ್ತು. ಜಯಮ್ಮ ಸೇರಿಕೊಂಡ ಮೇಲಿನ ಸಾಲುಗಳಿಗೆ ಫೋನಿನ ರೆಕಾರ್ಡಿಂಗ್‌ನಲ್ಲಿ ಆ ದನಿ ಇರಲಿಲ್ಲ, ಬರೀ ಫ್ಯಾನು. ಒಬ್ಬಳೇ ಹೇಳಿದ ತನಕ ಮಾತ್ರ ಇತ್ತು. ಒಪ್ಪಿಸಿಕೊಡುವ ಸಾಲಿನ ನಂತರದ ಖಾಲಿ ಜಾಗ ಉಳಿದವುಗಳಿಗಿಂತ ಉದ್ದವಾಗಿತ್ತು. ಮೂಲ ಫೈಲಿನಲ್ಲೇ ಹಾಗಿತ್ತು. ಮೂರು ವರ್ಷದ ಹಿಂದೆ ಹಾಡಿಟ್ಟದ್ದು, ಮೊದಲ ದಿನವೇ ನಾನು ನಕಲು ಮಾಡಿಟ್ಟದ್ದು.

ನಿಮಗೆ ಬರುವ ಅನುಮಾನಗಳೆಲ್ಲ ನನಗೂ ಬಂದಿವೆ. ಎರಡು ಫೈಲನ್ನು ನಾನೇ ಕಲಸಿಕೊಂಡೆನೇ? ಆ ದನಿಯನ್ನು ಬೇರೆ ಮಾಡಿಟ್ಟ ಟ್ರ್ಯಾಕು ಚಪ್ಪರಕ್ಕೆ ಮುಂಚಿನದು. ತಾಯಿಗೂ ಆ ಸಾಲಿನಲ್ಲಿ ದುಃಖ ಬಂದು ನಿಂತಿರಬಹುದೇ? ಇರಬಹುದು, ಆದರೆ ಅದರ ಮುಂದಿನ ಸಾಲಿನಲ್ಲಿ ಅವರ ದನಿ ಒಂಚೂರೂ ನಡುಗಿಲ್ಲ. ಇನ್ನೊಬ್ಬ ಗೆಳೆಯ ಎಡಿಟರ್‌ಗೆ ಕೇಳಿಸಿದೆ. ಯಾರೋ ಪಕ್ಕದಲ್ಲಿ ಕೂತು ಹಾಡಿದ್ದಾರೆ, ಅದರಲ್ಲೇನು ವಿಶೇಷ ಎಂದ. ಅವನಿಗೆ ಉಳಿದದ್ದನ್ನು ಹೇಳುವ ಧೈರ್ಯವಾಗಲಿಲ್ಲ. ಈಗ ಯಾರಾದರೂ ಗೆಜ್ಜೆಯ ಸದ್ದು ಎಂದು ಬಂದರೆ ನಾನು ಚೋಕ್ ಎಂದು ಹೇಳುತ್ತೇನೆ, ಆದರೆ ಮೊದಲಿನ ಹಾಗೆ ನಗುವುದಿಲ್ಲ.

ಮದುವೆಯಾಗಿ ಕೆಲವು ತಿಂಗಳ ಮೇಲೆ ಚೈತ್ರಾ ಒಮ್ಮೆ ಬಂದಿದ್ದಳು. ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಹಣ್ಣು ಕೊಟ್ಟು ಹೋಗೋಣವೆಂದು ಬಂದೆ ಎಂದಳು. ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಆ ಸಾಲಲ್ಲಿ ನಂಗೆ ಅಳು ಬರುತ್ತೆ ಅಂತ ಹೆಂಗೆ ಗೊತ್ತಾಯ್ತು ಸಾರ್ ನಿಮ್ಗೆ? ಅಲ್ಲೊಂದ್ ಕಡೆ ಜಾಗ ಜಾಸ್ತಿ ಬಿಟ್ಟಿದ್ರಲ್ಲ."

"ನಾನ್ ಬಿಟ್ಟಿದ್ದಲ್ಲಮ್ಮ," ಎಂದೆ. "ಅಮ್ಮನೇ ಹಂಗೆ ಹಾಡಿರೋದು. ಉಸ್ರು ಸಾಲ್ದೆ ನಿಂತಿರ‍್ಬೋದು."

ಅವಳು ಬಾಗಿ ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ, "ಇರ‍್ಬೋದು ಸಾರ್. ನಾನಂತೂ ಅಮ್ಮ ನಂಗೋಸ್ಕರ ಕಾದ್ರು ಅಂತ್ಲೇ ಅನ್ಕಂಡಿದೀನಿ," ಎಂದು ಮೆಟ್ಟಿಲಿಳಿದು ಹೋದಳು.

ಅವಳ ಹತ್ತಿರ ಯಾವ ಸಾಕ್ಷಿಯೂ ಇಲ್ಲ, ನಂಬಿಕೊಂಡು ಸುಖವಾಗಿದ್ದಾಳೆ. ಸಾಕ್ಷಿಯೆಲ್ಲ ನನ್ನ ಹಾರ್ಡ್ ಡಿಸ್ಕಿನಲ್ಲಿದೆ, ನನಗೆ ನಂಬಲು ಆಗುತ್ತಿಲ್ಲ. ಕೂಗಿ ಕರೆದು ಆ ಹೆಡ್‌ಫೋನನ್ನು ಅವಳ ಕಿವಿಗೆ ಹಾಕಬೇಕಿತ್ತೋ ಏನೋ. ಕಿಟಕಿಯಲ್ಲಿ ನಿಂತು, ಅವಳು ರಸ್ತೆ ದಾಟಿ ಜನರಲ್ಲಿ ಕಾಣದಾಗುವ ತನಕ ನೋಡುತ್ತಲೇ ಇದ್ದೆ, ಕರೆಯಲಿಲ್ಲ.